ಸಹಾಯ ಬೇಕು: ಗ್ರೇಡಲ್ 5.6ರಿಂದ 7.3ಕ್ಕೆ ಹೋದ ಮೇಲೆ ಬಿಲ್ಡ್ ಆಗುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಮೂಡಿಗೆರೆಯಲ್ಲಿದ್ದೇನೆ. ತೋಟದ ಕಾಫಿ ತೂಕ, ಆಳುಗಳ ಲೆಕ್ಕ ಇಡೋಕೆ 2019ರಲ್ಲಿ ಒಂದು ಸಣ್ಣ ಜಾವಾ ಪ್ರೋಗ್ರಾಂ ಬರೆದಿದ್ದೆ. ಜಾವಾ 8, ಕೋಡ್‌ನಿಂದ ಪ್ರೋಗ್ರಾಂ ಬಿಲ್ಡ್ ಮಾಡುವ ಟೂಲ್ ಗ್ರೇಡಲ್ 5.6. ಇಷ್ಟು ವರ್ಷ ತಕರಾರಿಲ್ಲದೆ ನಡೆಯಿತು. ಈಗ ಹೊಸ ಲ್ಯಾಪ್‌ಟಾಪ್, ಅದರಲ್ಲಿ ಜಾವಾ 17. ಗ್ರೇಡಲ್ 5.6 ಜಾವಾ 12ರ ತನಕ ಮಾತ್ರ ಓಡುತ್ತದೆ, 17ಕ್ಕೆ ಕನಿಷ್ಠ 7.3 ಬೇಕು ಅಂತ ಗೊತ್ತಾಯಿತು. ಯಾವ ಗ್ರೇಡಲ್ ಬಳಸಬೇಕು ಎಂದು ಹೇಳುವ ವ್ರ್ಯಾಪರ್ ಫೈಲ್‌ನಲ್ಲಿ 7.3 ಹಾಕಿದೆ.

ತಕ್ಷಣ, ಬಿಲ್ಡ್ ಫೈಲ್‌ನಲ್ಲಿ ಲೈಬ್ರರಿ ಸೇರಿಸೋಕೆ ಬಳಸಿದ್ದ 'ಕಂಪೈಲ್' ಎಂಬ ಮೆಥಡ್ ಸಿಗುತ್ತಿಲ್ಲ ಎಂದಿತು. ಅದನ್ನು ಗ್ರೇಡಲ್ 7ರಲ್ಲಿ ತೆಗೆದಿದ್ದಾರಂತೆ. ಎಲ್ಲ ಕಡೆ 'ಇಂಪ್ಲಿಮೆಂಟೇಶನ್' ಅಂತ ಬದಲಿಸಿದೆ. ಆ ಎರರ್ ಹೋಯಿತು, ಆದರೆ ಈಗ ಪ್ರೋಗ್ರಾಂನ ಬಿಲ್ ತೆಗೆಯುವ ಮಾಡ್ಯೂಲ್‌ಗೆ (ಭಾಗಕ್ಕೆ) ಜಿಸನ್ (Gson, JSON ಡೇಟಾ ಓದಿ ಬರೆಯುವ) ಲೈಬ್ರರಿಯೇ ಕಾಣುತ್ತಿಲ್ಲ! ಜಿಸನ್ ಇರುವುದು 'ಕಾಮನ್' ಮಾಡ್ಯೂಲ್‌ನಲ್ಲಿ, ಮೊದಲು ಅಲ್ಲಿಂದಲೇ ತಾನಾಗಿ ಬರುತ್ತಿತ್ತು. ಲೈಬ್ರರಿಯನ್ನು ಬೇರೆ ಮಾಡ್ಯೂಲ್‌ಗಳಿಗೂ ಕಾಣಿಸುವ 'ಎಪಿಐ' ಅಂತ ಬರೆದು ನೋಡಿದೆ, ಅದೂ ಗೊತ್ತಿಲ್ಲ ಎನ್ನುತ್ತದೆ. ಎರಡು ರಾತ್ರಿ ಸುಮ್ನೆ ಹೋಯಿತು. ಅರೇಬಿಕಾ ಕೊಯ್ಲು ಬೇರೆ ಶುರುವಾಗಿದೆ.

'ಕಾಮನ್' ಮಾಡ್ಯೂಲ್‌ಗೆ 'ಜಾವಾ-ಲೈಬ್ರರಿ' ಪ್ಲಗಿನ್ ಹಾಕಿ 'ಎಪಿಐ' ಬಳಸುವುದು ಸರಿಯಾ, ಇಲ್ಲಾ ಪ್ರತಿ ಮಾಡ್ಯೂಲ್‌ನಲ್ಲೂ ಜಿಸನ್ ಬೇರೆಯಾಗಿ ಸೇರಿಸಬೇಕಾ? ಮಾಡಿದವರು ಯಾರಾದರೂ ಹೇಳಿ.