ರಕ್ತ ಹುಳಿಯಾಗಿದೆಯಂತೆ!

ಕುಕ್ಕರಹಳ್ಳಿ ಕೆರೆ ಏರಿ ಮೇಲಿನ ಮಾಮೂಲಿ ಬೆಂಚು. ಗುಂಡಣ್ಣ ನೀಲಿ ಬಾಟ್ಲಿ ಹಿಡ್ಕೊಂಡು ಬಂದ.

ಸೀನ: ಏನೋ ಇದು, ಬೆಳಬೆಳಿಗ್ಗೆನೇ?

ಗುಂಡಣ್ಣ: ಆಲ್ಕಲೈನ್ ನೀರು ಕಣೋ, ಆಸಿಡ್‌ಗೆ ಉಲ್ಟಾ. ವಯಸ್ಸಾದ್ಮೇಲೆ ರಕ್ತ ಆಸಿಡ್ ಆಗತ್ತಂತೆ, ಅಂದ್ರೆ ಹುಳಿಯಾಗತ್ತೆ, ಮಂಡಿ ಹಿಡಿಯೋದು ಸುಸ್ತು ಎಲ್ಲಾ ಅದಕ್ಕೇ ಅಂತೆ, ಅಳಿಯ ಲಕ್ಷ ಕೊಟ್ಟು ಮಷೀನೇ ಹಾಕಿಸ್ದ.

ಮೇಷ್ಟ್ರು: ಹುಳಿ ಆಗಿದ್ರೆ ಒಂದಿಷ್ಟು ಬೇಳೆ, ನುಗ್ಗೆಕಾಯಿನೂ ಹಾಕ್ಬಿಡು. ಅನ್ನಕ್ಕಾಗತ್ತೆ.

ಗುಂಡಣ್ಣ: ನಿಮ್ಗೆಲ್ಲಾ ತಮಾಷೆ. ಹುಣಸೆಹಣ್ಣು, ಮಜ್ಜಿಗೆ ಬಿಟ್ಟೇ ಬಿಟ್ಟೆ. ನಿಂಬೆಹಣ್ಣು ಮಾತ್ರ ಹಿಂಡ್ಕೋತೀನಿ, ಅದು ಆಲ್ಕಲೈನ್.

ಸೀನ: ನಿಂಬೆಹಣ್ಣು ಹುಳಿ ಅಲ್ವೇನೋ ಗೂಬೆ!

ಮೇಷ್ಟ್ರು: ಅದೊಂದು ಸರಿ ಹೇಳ್ದ ಕಣೋ, ನಿಂಬೆಯಲ್ಲಿರೋ ಸಿಟ್ರೇಟ್ ಮೈಯೊಳಗೆ ಕರಗಿ ಬೈಕಾರ್ಬೊನೇಟ್ ಆಗತ್ತೆ, ಅಂದ್ರೆ ಆಸಿಡ್ ತಗ್ಗಿಸೋ ಪದಾರ್ಥ. ಆದ್ರೆ ಒಂದು ನಿಂಬೆಹಣ್ಣಿನ ಕೆಲಸಕ್ಕೆ ಲಕ್ಷದ ಮಷೀನು ಯಾಕಯ್ಯಾ? ನಿನ್ನ ನೀರು ಇಳಿಯೋದು ಹೊಟ್ಟೆಗೆ, ಅಲ್ಲಿ ಪಿಎಚ್ 2ರ ಆಸುಪಾಸಿನ ಆಸಿಡ್ ಕಾಯ್ತಾ ಇರತ್ತೆ. ಪಿಎಚ್ ಅಂದ್ರೆ ಹುಳಿ ಅಳೆಯೋ ಲೆಕ್ಕ, 7ಕ್ಕಿಂತ ಕಮ್ಮಿ ಇದ್ರೆ ಆಸಿಡ್, ಜಾಸ್ತಿ ಇದ್ರೆ ಆಲ್ಕಲೈನ್. ರಕ್ತ ಇರೋದು 7.35ರಿಂದ 7.45ರೊಳಗೆ, ಅದನ್ನ ನೋಡ್ಕೊಳ್ಳೋಕೆ ಶ್ವಾಸಕೋಶ, ಕಿಡ್ನಿ ಇಬ್ರೂ ಸಂಬಳ ಇಲ್ದೆ ದುಡೀತಾವೆ.

ಸೀನ: ಹಂಗಾದ್ರೆ ಎಲ್ಲಾ ಬುರುಡೆನಾ?

ಮೇಷ್ಟ್ರು: ಪೂರ್ತಿ ಅಲ್ಲ. ಕಿಡ್ನಿಗೂ ವಯಸ್ಸಾಗತ್ತಲ್ಲ, ಆಸಿಡ್ ಹೊರಗೆ ಹಾಕೋದು ನಿಧಾನ ಆಗತ್ತೆ, ಬೈಕಾರ್ಬೊನೇಟ್ ತೀರಾ ಇಳಿದ್ರೆ ಮಾಂಸಖಂಡನೂ ಸೊರಗತ್ತೆ. ಅದಕ್ಕೇ ಬ್ರಿಟನ್ನಲ್ಲಿ ಕಿಡ್ನಿ ಸೋತಿದ್ದ, 60 ದಾಟಿದ 300 ಜನರಲ್ಲಿ ಅರ್ಧ ಜನಕ್ಕೆ ಸೋಡಾ ಮಾತ್ರೆ, ಅಂದ್ರೆ ಅದೇ ಬೈಕಾರ್ಬೊನೇಟ್, ಕೊಟ್ಟು ನೋಡಿದ್ರು. 2020ರಲ್ಲಿ ಫಲಿತಾಂಶ ಬಂತು, ನಡಿಗೆ, ಕುರ್ಚಿಯಿಂದ ಏಳೋದು, ಯಾವುದೂ ಸುಧಾರಿಸ್ಲಿಲ್ಲ.

ಗುಂಡಣ್ಣ: ಕುರ್ಚಿಯಿಂದ ಏಳೋದಕ್ಕೂ ಪರೀಕ್ಷೆನಾ?

ಮೇಷ್ಟ್ರು: ಹ್ಞೂಂ. ಕೈ ಎದೆ ಮೇಲೆ ಕಟ್ಕೊಂಡು ಐದು ಸಲ ಎದ್ದು ಕೂರ್ಬೇಕು.

ಮೂರೂ ಜನ ಬೆಂಚು ನೋಡಿದ್ರು. ಯಾರೂ ಏಳ್ಲಿಲ್ಲ. ಇವತ್ತು ಮಂಜು ಜಾಸ್ತಿ ಅಂದ ಸೀನ.

ಗುಂಡಣ್ಣ ಗಂಟಲು ಒಣಗಿ ಬಾಟ್ಲಿ ಮುಚ್ಚಳ ತಿರುಗಿಸ್ದ, ಬರ್ಲಿಲ್ಲ. ಸೀನ ಪಂಚೆ ಅಂಚು ಸುತ್ತಿ ತಿರುಗಿಸ್ದ. ಮೇಷ್ಟ್ರು ಹಲ್ಲು ಕಚ್ಚಿದ್ರು, ಕಟ್ಟಿಸಿದ ಹಲ್ಲು ಅಂತ ನೆನಪಾಗಿ ಬಿಟ್ರು.

ಸೀನ: ಇದೇ ಗುಂಡ ಕಣ್ರೀ ಮೇಷ್ಟ್ರೇ, ನಂಜನಗೂಡು ಜಾತ್ರೇಲಿ ಗೋಲಿ ಸೋಡಾನ ಹೆಬ್ಬೆಟ್ಟಲ್ಲಿ ಟುಪ್ ಅಂತ ಒತ್ತಿ ನಮ್ಗೆಲ್ಲಾ ಕೊಡ್ತಿದ್ದೋನು.

ಮೇಷ್ಟ್ರು: ಅದು ಆಸಿಡ್ಡು.

ಗುಂಡಣ್ಣ ಹೆಬ್ಬೆಟ್ಟು ನೋಡ್ಕೊಂಡ. ಜಾಗಿಂಗ್ ಬಂದ ಹುಡುಗಿಯೊಬ್ಳು ನಿಂತು ಒಂದೇ ಸಲಕ್ಕೆ ಮುಚ್ಚಳ ತೆಗೆದು, "ತಗೊಳ್ಳಿ ತಾತ" ಅಂತ ಕೈಗಿಟ್ಟು ಓಡಿದ್ಲು.

ಗುಂಡಣ್ಣ: ಮೊನ್ನೆವರೆಗೂ ಅಂಕಲ್ ಅಂತಿದ್ರು ಕಣೋ.