ಲಾಂಗ್ ರೇಂಜ್ ರೈಫಲ್ ತಗೋಬೇಕು, ಬಜೆಟ್ ಒಂದೂವರೆ ಲಕ್ಷ, ಬೆಂಗಳೂರಲ್ಲಿ ಏನ್ ಸಾಧ್ಯ?

ಸಿಲ್ಕ್‌ಬೋರ್ಡ್ ಸಂತ್ರಸ್ತ:
ನಮಸ್ಕಾರ ಗುರುಗಳೇ. ಈ ಅಮೆರಿಕದವರು ಸಾವಿರ ಗಜ ದೂರ ಇರೋ ಸ್ಟೀಲ್ ಪ್ಲೇಟ್‌ಗೆ ಹೊಡೆದು, ನಾಲ್ಕು ಸೆಕೆಂಡ್ ಬಿಟ್ಟು ಟಣ್ ಅಂತ ಸೌಂಡ್ ಬರೋ ವಿಡಿಯೋ ನೋಡಿ ನೋಡಿ ತಲೆ ಕೆಟ್ಟೋಗಿದೆ, ನಂಗೂ ಅದೇ ಮಾಡ್ಬೇಕು. ಬೋಲ್ಟ್ ಆಕ್ಷನ್ (ಪ್ರತಿ ಗುಂಡಿಗೂ ಕೈಯಲ್ಲೇ ಬೋಲ್ಟ್ ಎಳೆಯೋದು), .308 ಅಥವಾ 6.5 ಕ್ರೀಡ್‌ಮೋರ್ ತೋಟಾದ್ದು, ಒಂದು ಒಳ್ಳೆ ಸ್ಕೋಪು, ಎಲ್ಲಾ ಸೇರಿ ಒಂದೂವರೆ ಲಕ್ಷ. ಸೆಕೆಂಡ್ ಹ್ಯಾಂಡ್ ಆದ್ರೂ ಪರ್ವಾಗಿಲ್ಲ. ಲೈಸೆನ್ಸ್ ಇನ್ನೂ ಇಲ್ಲ, ಅಪ್ಲೈ ಮಾಡ್ತೀನಿ. ಅಂದಹಾಗೆ ನಮ್ಮೂರಲ್ಲೇ ಸ್ನೈಪರ್ ರೈಫಲ್ ಮಾಡೋ ಕಂಪನಿ ಇದೆಯಂತಲ್ಲ, ಅವರು ಡೈರೆಕ್ಟಾಗಿ ಕೊಡ್ತಾರಾ? ಬೇಟೆ ಗೀಟೆ ಏನೂ ಇಲ್ಲ, ಬರೀ ಟಾರ್ಗೆಟ್.

ಫೈಲ್ ನಂಬರ್ ಹೇಳಿ:
ಸಾರ್, ಮೊದಲು ಕಾನೂನು ಹೇಳ್ಬಿಡ್ತೀನಿ, ಬೇಜಾರ್ ಮಾಡ್ಕೋಬೇಡಿ. .308 ಮರೆತುಬಿಡಿ. ಅದು ಮಿಲಿಟರಿಯ 7.62 ತೋಟಾದ ಅಣ್ಣತಮ್ಮ, ಇಲ್ಲಿ ಪ್ರೊಹಿಬಿಟೆಡ್ ಬೋರ್, ಜನಸಾಮಾನ್ಯರಿಗೆ ಸಿಗಲ್ಲ. .303 ಕೂಡ ಅದೇ ಲಿಸ್ಟಲ್ಲಿದೆ. ನೀವು ಕೇಳಿದ ಬೆಂಗಳೂರು ಕಂಪನಿ ಎಸ್ಎಸ್ಎಸ್ ಡಿಫೆನ್ಸ್ ಇರ್ಬೇಕು, ಅವರ ವೈಪರ್ .308, ಸೇಬರ್ .338 ಲಪುವಾ ಮ್ಯಾಗ್ನಂ, ಎರಡೂ ಸೇನೆ ಪೊಲೀಸ್‌ಗೆ ಅಂತ ಮಾಡಿರೋದು, ಅಂಗಡೀಲಿ ನೇತಾಕಿ ಮಾರೋ ಮಾಲಲ್ಲ.

ನಾನ್ ಪ್ರೊಹಿಬಿಟೆಡಲ್ಲಿ ಸಿಗೋದು ಅಂದ್ರೆ .315, .30-06, .22. ಇಶಾಪುರದ ಸರ್ಕಾರಿ ಫ್ಯಾಕ್ಟರಿ ಸ್ಪೋರ್ಟಿಂಗ್ ರೈಫಲ್‌ಗಳು. ಇದಕ್ಕೆ 1959ರ ಆಯುಧ ಕಾಯ್ದೆ ಪ್ರಕಾರ ಲೈಸೆನ್ಸ್ ಬೇಕು, ಸಿಟಿ ಒಳಗಿದ್ರೆ ಅರ್ಜಿ ಪೊಲೀಸ್ ಕಮಿಷನರ್ ಆಫೀಸಿಗೆ ಹೋಗುತ್ತೆ, ಠಾಣೆಯಿಂದ ವೆರಿಫಿಕೇಶನ್, ಆಮೇಲೆ ಬಂದೂಕು ಸುರಕ್ಷತೆ ಟ್ರೈನಿಂಗ್ ಸರ್ಟಿಫಿಕೇಟು. 2019ರ ತಿದ್ದುಪಡಿ ಆದ್ಮೇಲೆ ಲೈಸೆನ್ಸ್ ಐದು ವರ್ಷಕ್ಕೆ ಕೊಡ್ತಾರೆ, ಮೊದಲು ಮೂರಿತ್ತು. "ಯೂಟ್ಯೂಬ್ ನೋಡಿ ಆಸೆ ಆಯ್ತು" ಅಂತ ಕಾರಣ ಬರೆದ್ರೆ ಫೈಲ್ ಅಲ್ಲೇ ಕೂತಿರುತ್ತೆ. ರೈಫಲ್ ಕ್ಲಬ್ ಮೆಂಬರ್ ಆಗಿ, ಕಾಂಪಿಟಿಶನ್ ಸ್ಕೋರ್ ಇಟ್ಕೊಂಡು ಹೋದ್ರೆ ಮಾತೇ ಬೇರೆ.

ಮಡಿಕೇರಿ ಮಂಜು:
ಮೇಲಿನವರು ಹೇಳಿದ್ದು ಸರಿ. ನಾನು ಕೊಡವ, ನಮಗೆ ಲೈಸೆನ್ಸಿಂದ ವಿನಾಯಿತಿ ಇದೆ, 2029ರ ತನಕ ಅಂತ ಕೇಂದ್ರದವರು ಮುಂದುವರಿಸಿದ್ದಾರೆ. ಹಾಗಾಗಿ ಮನೇಲಿ ಕೋವಿ ನೋಡ್ಕೊಂಡೇ ಬೆಳೆದವನು, ಕೈಲ್ ಮುಹೂರ್ತದ ದಿನ ಪೂಜೆ ಮಾಡಿ, ಆಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯೋ ಪಂದ್ಯ. ಆ ಪಂದ್ಯಗಳಲ್ಲಿ .22 ವಿಭಾಗ ಇರುತ್ತಲ್ಲ, ಅಲ್ಲಿ ನಿಂತು ನೋಡಿ ತಮ್ಮಾ. ಹೊಸಾ ರೈಫಲ್ ಹಿಡ್ಕೊಂಡು ಬಂದ ಹುಡುಗ್ರು ಕಾಯಿ ಸುತ್ತ ಇರೋ ಗಾಳೀಗೆಲ್ಲಾ ತೂತು ಹೊಡೀತಾರೆ, ಯಾವನೋ ತಾತ ಅಪ್ಪನ ಕಾಲದ ರೈಫಲ್ ತಂದು ಉಸಿರು ಅರ್ಧ ಬಿಟ್ಟು ನಿಲ್ಲಿಸಿ ಟಕ್ ಅನ್ಸಿ ಮನೆಗೆ ಹೋಗ್ತಾನೆ.

.315 ವಿಷಯ, ಅದು ಗಟ್ಟಿ ರೈಫಲ್ಲೇ, ಆದ್ರೆ ತೋಟಾ ದುಬಾರಿ, ಸಿಗೋದೂ ಲೆಕ್ಕದಲ್ಲಿ, ಪ್ರಿಸಿಶನ್ ಶೂಟಿಂಗ್‌ಗೆ ಅಂತ ಮಾಡಿದ್ದಲ್ಲ. ಸಾವಿರ ಗಜದ ರೇಂಜ್ ಬೆಂಗಳೂರಲ್ಲಿ ನಿಮಗೆ ಯಾರು ಬಿಟ್ಕೊಡ್ತಾರೆ? ರೇಂಜೇ ಇಲ್ದೆ ಆ ರೈಫಲ್ ತಗೊಳ್ಳೋದು ಒಂದು ಲೋಟ ಕಾಫಿಗೆ ಎಸ್ಟೇಟ್ ಕೊಂಡ ಹಾಗೆ.

ಪೆಲೆಟ್ ಪುರಾಣ:
ನಾನು ಸ್ವಲ್ಪ ಉದ್ದ ಬರೀತೀನಿ, ಟೈಮಿದ್ರೆ ಓದಿ.

ಬ್ರೋ, ನಿಮಗೆ ನಿಜವಾಗ್ಲೂ ಬೇಕಾಗಿರೋದು ಏನು? ದೂರಾನಾ, ಇಲ್ಲಾ ಗಾಳಿ ಓದೋದು, ಸ್ಕೋಪ್ ಟರೆಟ್ (ಗುರಿ ಸರಿ ಮಾಡೋ ನಾಬ್) ತಿರುಗಿಸೋದು, ಲೆಕ್ಕ ಹಾಕಿ ಹೊಡೆಯೋ ಆ ಮಜಾನಾ? ಮಜಾ ಬೇಕು ಅಂದ್ರೆ ಅದು 50 ಮೀಟರಲ್ಲೇ ಸಿಗುತ್ತೆ, ಲೈಸೆನ್ಸ್ ಇಲ್ದೇನೇ. 2016ರ ಆಯುಧ ನಿಯಮದಲ್ಲಿ .177 ಬೋರ್, ಅಂದ್ರೆ 4.5 ಮಿಮೀ, ಮತ್ತೆ 20 ಜೂಲ್ ಒಳಗೆ ಪವರ್ ಇದ್ರೆ ಏರ್ ರೈಫಲ್‌ಗೆ ಲೈಸೆನ್ಸ್ ಬೇಡ. ಐಡಿ, ಅಡ್ರೆಸ್ ಪ್ರೂಫ್ ಕೊಟ್ಟು, ಬಿಲ್ ಇಸ್ಕೊಂಡು ಬನ್ನಿ, ಬಿಲ್ ಜೋಪಾನ. ಅಂಗಡಿಯವನು ".22 ತಗೊಳ್ಳಿ, ಜಾಸ್ತಿ ಪವರ್ರು" ಅಂದ್ರೆ ಬೇಡ ಅನ್ನಿ, ಆ ಬೋರಲ್ಲಿ ಏರ್‌ಗನ್ನಿಗೂ ಲೈಸೆನ್ಸ್ ಕೇಳ್ತಾರೆ.

50 ಮೀಟರಿಗೆ ಪೆಲೆಟ್ ಯಾಕೆ ಕಷ್ಟ ಅಂದ್ರೆ ಅದು ಡಮರು ಥರ ನಡು ಸಣ್ಣ ಇರೋ ಸೀಸದ ತುಂಡು, ತೂಕ ಅರ್ಧ ಗ್ರಾಂ ಅಷ್ಟೇ, ಹೋಗ್ತಾ ಹೋಗ್ತಾ ಸ್ಪೀಡ್ ಬೇಗ ಕಳ್ಕೊಳ್ಳುತ್ತೆ, ಎಲೆ ಅಲ್ಲಾಡೋ ಗಾಳಿ ಸಾಕು, ಗುರಿಯಿಂದ ಇಂಚುಗಟ್ಟಲೆ ಪಕ್ಕಕ್ಕೆ ಹೋಗಿರುತ್ತೆ. ದೊಡ್ಡ ರೈಫಲ್ಲವರು ನೂರಾರು ಮೀಟರಲ್ಲಿ ಕಲಿಯೋ ಪಾಠ ಇಲ್ಲಿ 50ರಲ್ಲಿ ಕಲೀಬಹುದು, ಒಂದು ಶಾಟ್‌ಗೆ ಬೀಳೋ ಖರ್ಚು ಒಂದೆರಡು ರೂಪಾಯಿ.

ಈಗ ಸ್ಪ್ರಿಂಗಾ, ಪಿಸಿಪಿನಾ (ಮೊದಲೇ ಗಾಳಿ ತುಂಬಿಡೋ ಏರ್ ರೈಫಲ್)? ಸ್ಪ್ರಿಂಗ್ ಗನ್ ಅಗ್ಗ, ಬ್ಯಾರಲ್ ಬಗ್ಗಿಸಿ ಲೋಡ್ ಮಾಡೋದು, ಆದ್ರೆ ಟ್ರಿಗರ್ ಎಳೆದ್ಮೇಲೆ ಒಳಗೆ ಪಿಸ್ಟನ್ ಓಡಿ ಹೋಗಿ ಗುದ್ದುತ್ತೆ, ರೈಫಲ್ ಹಿಂದಕ್ಕೆ ಒಂದ್ಸಲ ಮುಂದಕ್ಕೆ ಒಂದ್ಸಲ ಜಗ್ಗುತ್ತೆ, ಅದೆಲ್ಲಾ ಆಗೋವಾಗ ಪೆಲೆಟ್ ಇನ್ನೂ ಬ್ಯಾರಲ್ ಒಳಗೇ ಇರುತ್ತೆ. ಅದಕ್ಕೇ ಎಡಗೈ ಅಂಗೈ ಮೇಲೆ ಸುಮ್ನೆ ಮಲಗಿಸಿ ಹೊಡೀಬೇಕು, ಗಟ್ಟಿ ಹಿಡಿದ್ರೆ ಗ್ರೂಪ್, ಅಂದ್ರೆ ಗುಂಡು ಬೀಳೋ ಗುಂಪು, ಚೆಲ್ಲಾಪಿಲ್ಲಿ. ಪಿಸಿಪಿಲಿ ಸಿಲಿಂಡರಲ್ಲಿ ಮೊದಲೇ 200 ಬಾರ್ ಆಸುಪಾಸು ಗಾಳಿ ತುಂಬಿರುತ್ತೆ, ರೀಕಾಯ್ಲ್ ಅಂತ ಹೇಳ್ಕೊಳ್ಳೋಕೆ ಏನೂ ಇಲ್ಲ, ಹಾಗೇ ಬೆಂಚ್ ಮೇಲೆ ಇಟ್ಟು ಹೊಡೀಬಹುದು. ನಿಮ್ಮ ಬಜೆಟಲ್ಲಿ ಇಂಡಿಯನ್ ಪಿಸಿಪಿ (ಪ್ರೆಸಿಹೋಲ್ ಥರದ್ದು), ಪಂಪು, ಸ್ಕೋಪು ಎಲ್ಲಾ ತಗೊಂಡ್ರೂ ದುಡ್ಡು ಮಿಗುತ್ತೆ. ರೆಗ್ಯುಲೇಟರ್ (ಪ್ರತಿ ಶಾಟ್‌ಗೂ ಒಂದೇ ಒತ್ತಡ ಕೊಡೋ ಭಾಗ) ಇರೋದೇ ನೋಡಿ, ಇಲ್ಲಾಂದ್ರೆ ಸಿಲಿಂಡರ್ ಖಾಲಿ ಆಗ್ತಾ ಆಗ್ತಾ ಸ್ಪೀಡ್ ಬದಲಾಗಿ ಪೆಲೆಟ್ ಮೇಲೆ ಕೆಳಗೆ ಬೀಳುತ್ತೆ.

ಆಮೇಲೆ ಡಬ್ಬಿ ಮೇಲೆ 1000 ಎಫ್‌ಪಿಎಸ್ (ಸೆಕೆಂಡಿಗೆ ಅಡಿ) ಅಂತ ದಪ್ಪ ಅಕ್ಷರದಲ್ಲಿ ಹಾಕಿರ್ತಾರೆ ನೋಡಿ, ಅದಕ್ಕೆ ಮರುಳಾಗಬೇಡಿ. ಶಬ್ದದ ವೇಗದ ಹತ್ರ ಹೋದ್ರೆ ಪೆಲೆಟ್ ತಲೆ ತಿರುಗಿದವರ ಥರ ಓಲಾಡುತ್ತೆ. ಅದೇ ಜೂಲ್‌ನಲ್ಲಿ ಭಾರದ ಪೆಲೆಟ್ ಹಾಕಿ, 0.67 ಗ್ರಾಂದು, ಸೆಕೆಂಡಿಗೆ 240 ಮೀಟರ್ ಹತ್ರ ಬರುತ್ತೆ, ಅಲ್ಲಿ ನಡೆಯುತ್ತೆ ಆಟ. ನಾಲ್ಕೈದು ಬ್ರ್ಯಾಂಡ್ ತಂದು ಯಾವುದು ನಿಮ್ಮ ಬ್ಯಾರಲ್‌ಗೆ ಒಪ್ಪುತ್ತೋ ನೋಡಿ. ಒಪ್ಪಿದ ಡಬ್ಬಿ ಮೇಲಿನ ಬ್ಯಾಚ್ ನಂಬರ್ ಬರೆದಿಟ್ಕೊಂಡು ಅದೇ ಇನ್ನೊಂದಷ್ಟು ತಗೊಳ್ಳಿ.

ಸಿಲ್ಕ್‌ಬೋರ್ಡ್ ಸಂತ್ರಸ್ತ:
ಅಯ್ಯೋ ಇಷ್ಟೊಂದಿದೆಯಾ, ಥ್ಯಾಂಕ್ಸ್ ಗುರು. ಮೊದಲು ಕೇಳಿದಾಗ ಏರ್‌ಗನ್ ಅಂದ್ರೆ ಜಾತ್ರೇಲಿ ಬಲೂನ್ ಹೊಡೆಯೋದು ಅಂತಾನೇ ತಲೇಲಿತ್ತು. ಒಂದು ಡೌಟು, ನಮ್ಮ ತಾರಸಿಯಿಂದ ಪಕ್ಕದ ಖಾಲಿ ಸೈಟಿಗೆ ಕರೆಕ್ಟಾಗಿ 50 ಮೀಟರ್ ಸಿಗುತ್ತೆ, ಅಲ್ಲಿ ಹೊಡೀಬಹುದಾ? ಸ್ಕೋಪು ಎಷ್ಟು ಪವರ್ರು?

ಫೈಲ್ ನಂಬರ್ ಹೇಳಿ:
ತಾರಸಿ ಬೇಡವೇ ಬೇಡ. 20 ಜೂಲ್ ಅಂದ್ರೂ ಪೆಲೆಟ್ ನೂರಾರು ಮೀಟರ್ ಹೋಗುತ್ತೆ, ಖಾಲಿ ಸೈಟಲ್ಲಿ ಕ್ರಿಕೆಟ್ ಆಡೋ ಮಗೂ ಇರುತ್ತೆ, ದನಾನೂ ಇರುತ್ತೆ, ಯಾರಿಗಾದ್ರೂ ತಗುಲಿದ್ರೆ ಭಾರತೀಯ ನ್ಯಾಯ ಸಂಹಿತೆ (ಬಿಎನ್‌ಎಸ್) 125ನೇ ಸೆಕ್ಷನ್, ಲೈಸೆನ್ಸ್ ಬೇಡ್ದಿರೋ ಗನ್ನು ಅನ್ನೋದು ಅಲ್ಲಿ ಕೆಲಸಕ್ಕೆ ಬರಲ್ಲ. ಪಾರಿವಾಳ, ಬೀದಿನಾಯಿ ಕಡೆ ತಿರುಗಿಸೋರೂ ಇದ್ದಾರೆ, ಅದಕ್ಕೆ ಕೇಸ್ ಬೇರೆ. ಮನೇಲಿ ಮಾಡೋದಾದ್ರೆ ಒಳಗೇ, ಉದ್ದ ಪ್ಯಾಸೇಜಿದ್ರೆ 10 ಮೀಟರ್, ಹಿಂದೆ ದಪ್ಪ ಸ್ಟೀಲ್ ಪೆಲೆಟ್ ಟ್ರ್ಯಾಪು, ಯಾರೂ ಅಡ್ಡ ಬರದ ಹಾಗೆ ಬಾಗಿಲು ಬೋಲ್ಟ್ ಹಾಕಿ, ಕಣ್ಣಿಗೆ ಕನ್ನಡಕ.

ಅರ್ಧ ಮಿಲಿಮೀಟರ್:
ನಾನು ಎಲ್ಲರಿಗೂ ಉಲ್ಟಾ ಹೇಳ್ತೀನಿ: ಈಗ ಏನೂ ತಗೋಬೇಡಿ.

10 ಮೀಟರ್ ಏರ್ ರೈಫಲ್ ಅಂದ್ರೆ ಮಕ್ಕಳಾಟ ಅನ್ನಿಸ್ತಿದೆ ಅಲ್ವಾ, ಆ ಟಾರ್ಗೆಟ್ ಮಧ್ಯದ ಹತ್ತರ ಚುಕ್ಕಿ 0.5 ಮಿಮೀ. ಪೆಲೆಟ್ಟೇ 4.5 ಮಿಮೀ. ಸ್ಕೋಪ್ ಇಲ್ಲ, ಡಯಾಪ್ಟರ್ ಸೈಟು (ಸಣ್ಣ ತೂತಲ್ಲಿ ನೋಡಿ ಗುರಿ ಹಿಡಿಯೋದು), ನಿಂತ್ಕೊಂಡು 60 ಶಾಟು, ಟೈಮ್ 75 ನಿಮಿಷ. 2008ರಲ್ಲಿ ಬೀಜಿಂಗಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದಿದ್ದು ಇದೇ ಇವೆಂಟಲ್ಲಿ. ಬೆಂಗಳೂರಲ್ಲಿ ಅಕಾಡೆಮಿಗಳು ಬೇಕಾದಷ್ಟಿವೆ, ಗಂಟೆ ಲೆಕ್ಕಕ್ಕೋ ತಿಂಗಳ ಲೆಕ್ಕಕ್ಕೋ ಅವರದ್ದೇ ರೈಫಲ್ ಕೊಟ್ಟು ಕಲಿಸ್ತಾರೆ. ಅಲ್ಲಿರೋ ವಾಲ್ಥರ್, ಫೈನ್‌ವರ್ಕ್‌ಬೌ ಮ್ಯಾಚ್ ರೈಫಲ್ ಹೊಸದು ತಗೊಳ್ಳೋಕೆ ಹೋದ್ರೆ ನಿಮ್ಮ ಬಜೆಟ್ ಸಾಲಲ್ಲ, ಬಾಡಿಗೆಗೆ ಸಿಗ್ತಿರೋವಾಗ ಹೊಡೆದು ನೋಡಿ. ಮೊದಲ ಸಲ ಆ ಟ್ರಿಗರ್ ಮುಟ್ಟಿದೋರೆಲ್ಲ ಗುರಿ ಹಿಡಿಯೋ ಮುಂಚೆನೇ ಶಾಟ್ ಬಿಟ್ಟು ಗಾಬರಿ ಬೀಳ್ತಾರೆ, ಅಷ್ಟು ಹಗುರ.

ಅದು ಕೈಗೆ ಹತ್ತಿದ್ರೆ ಕರ್ನಾಟಕ ಸ್ಟೇಟ್ ರೈಫಲ್ ಅಸೋಸಿಯೇಶನ್ ಮೂಲಕ ಸ್ಟೇಟ್ ಮೀಟು, ಅಲ್ಲಿಂದ 50 ಮೀಟರ್ .22. ಸ್ವಪ್ನಿಲ್ ಕುಸಾಳೆ 2024ರ ಪ್ಯಾರಿಸಲ್ಲಿ ಕಂಚು ತಂದಿದ್ದು ಅದರಲ್ಲೇ. ಅಲ್ಲಿ ಹತ್ತರ ರಿಂಗ್ 10.4 ಮಿಮೀ. ಲೈಸೆನ್ಸ್‌ಗೆ ಬೇಕಾದ ಕಾರಣಾನೂ ಹೀಗೇ ತಾನಾಗೇ ಹುಟ್ಟುತ್ತೆ.

ಪೆಲೆಟ್ ಪುರಾಣ:
ಮೇಲಿನವರ ಮಾತು ಅರ್ಧ ಒಪ್ತೀನಿ, ಆದ್ರೆ ಎಲ್ರಿಗೂ ಜಾಕೆಟ್ ಹಾಕ್ಕೊಂಡು ನಿಂತು ಹೊಡೆಯೋ ಆಸೆ ಇರಲ್ಲ ಸ್ವಾಮಿ, ಇವರಿಗೆ ಬೇಕಿರೋದು ಟರೆಟ್ ತಿರುಗಿಸೋದು. ಎರಡು ತಿಂಗಳು ಅಕಾಡೆಮಿಗೆ ಹೋಗಿ ಬನ್ನಿ, ಆಮೇಲೂ ಇದೇ ಹುಚ್ಚು ಇದ್ರೆ ಪಿಸಿಪಿ. 50 ಮೀಟರ್ ಹೊಡೆಯೋಕೆ ಪರ್ಮಿಶನ್ ಇರೋ ರೇಂಜಿಗೇ ಹೋಗಿ.

ಸ್ಕೋಪ್ ಕೇಳಿದ್ರಲ್ಲ, ಪವರ್ ಆಮೇಲೆ, ಮೊದಲು ಪ್ಯಾರಲಾಕ್ಸ್ ನೋಡಿ. ಮಾಮೂಲಿ ರೈಫಲ್ ಸ್ಕೋಪ್ 100 ಗಜಕ್ಕೆ ಫಿಕ್ಸ್ ಆಗಿರುತ್ತೆ, 10 ಮೀಟರಲ್ಲಿ ಎಲ್ಲಾ ಮಬ್ಬು, ಕಣ್ಣು ಚೂರು ಆಚೀಚೆ ಆದ್ರೆ ಕ್ರಾಸ್‌ಹೇರೂ ಟಾರ್ಗೆಟ್ ಮೇಲೆ ಜಾರುತ್ತೆ. 10 ಮೀಟರಿಂದ ಅಡ್ಜಸ್ಟ್ ಆಗೋದೇ ಬೇಕು, ಮುಂದಿನ ರಿಂಗಲ್ಲಾಗ್ಲಿ ಪಕ್ಕದ ನಾಬಲ್ಲಾಗ್ಲಿ. ಪವರ್ 4 ರಿಂದ 16 ಧಾರಾಳ. ಟರೆಟ್ ಒಂದು ಕ್ಲಿಕ್ ಕಾಲು ಎಂಒಎ (ಎಂಒಎ ಅಂದ್ರೆ ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ) ಅಂತಿದ್ರೆ 100 ಮೀಟರಲ್ಲಿ ಏಳು ಮಿಮೀ ಚಿಲ್ಲರೆ, 50ರಲ್ಲಿ ಅದರ ಅರ್ಧ. ಅಂಗಡೀಲೇ ಇಪ್ಪತ್ತು ಕ್ಲಿಕ್ ಮೇಲೆ ಇಪ್ಪತ್ತು ಕ್ಲಿಕ್ ಕೆಳಗೆ ಮಾಡಿ ಕ್ರಾಸ್‌ಹೇರ್ ಅದೇ ಜಾಗಕ್ಕೆ ವಾಪಸ್ ಬರುತ್ತಾ ನೋಡಿ, ಬರದಿದ್ರೆ ಅದೆಷ್ಟೇ ಕಮ್ಮಿ ರೇಟ್ ಇದ್ರೂ ಅಲ್ಲೇ ಬಿಟ್ಟು ಬನ್ನಿ.

ಸಿಲ್ಕ್‌ಬೋರ್ಡ್ ಸಂತ್ರಸ್ತ:
ಸರಿ, ಶನಿವಾರ ಒಂದು ಅಕಾಡೆಮಿಗೆ ಟ್ರಯಲ್ ಹಾಕ್ಸಿದೀನಿ. ಹ್ಯಾಂಡ್ ಪಂಪಲ್ಲಿ 200 ಬಾರ್ ಹೊಡೆಯೋಕೆ ಆಗುತ್ತಾ, ಇಲ್ಲಾ ಡೈವಿಂಗ್ ಸಿಲಿಂಡರ್ ತಗೋಬೇಕಾ?

ಪೆಲೆಟ್ ಪುರಾಣ:
ಆಗುತ್ತೆ, ಜಿಮ್ ಫೀಸ್ ಉಳಿಯುತ್ತೆ. ಪೂರ್ತಿ ಖಾಲಿ ಮಾಡ್ಬೇಡಿ, ನೂರರ ಮೇಲಿರೋವಾಗಲೇ ತುಂಬಿಸ್ಕೊಳ್ಳಿ. ನಡುನಡುವೆ ನಿಲ್ಲಿಸಿ ಪಂಪ್ ಆರೋಕೆ ಬಿಡಿ, ಬಿಸಿಯಾದ್ರೆ ಸೀಲ್ ಹೋಗುತ್ತೆ, ಮಳೆಗಾಲದಲ್ಲಿ ನೀರಿನಂಶ ಒಳಗೆ ಹೋಗದ ಹಾಗೆ ಫಿಲ್ಟರ್ ಇರೋ ಪಂಪೇ ತಗೊಳ್ಳಿ.