ಕ್ಯಾಂಪಸ್ಸುಗಳು ಒಂದಾದ ಮೇಲೆ ವಿದ್ಯಾರ್ಥಿಗಳು ಒಂದಾಗುವುದು ಹೇಗೆ? ಕೆಲವು ಅನುಭವಗಳು

ಕೋರಿಕೆ: ಬೆಂಗಳೂರಿನ ಕೆಲವು ಸರ್ಕಾರಿ ಕಾಲೇಜುಗಳನ್ನು ಕೂಡಿಸಿ ರಚಿಸಿದ ವಿಶ್ವವಿದ್ಯಾಲಯದಲ್ಲಿ ನಾನು ದ್ವಿತೀಯ ಬಿ.ಎ. ವಿದ್ಯಾರ್ಥಿನಿ. ಅಂಕಪಟ್ಟಿಯ ಮೇಲೆ ಎಲ್ಲರಿಗೂ ಒಂದೇ ಹೆಸರಿದ್ದರೂ ಒಂದು ಕ್ಯಾಂಪಸ್ಸಿನವರಿಗೆ ಇನ್ನೊಂದರವರ ಪರಿಚಯವೇ ಇಲ್ಲ. ಅನುಭವವುಳ್ಳವರು ದಯವಿಟ್ಟು ಸಲಹೆ ನೀಡಬೇಕು.

ಹಳೆಯ ವಿದ್ಯಾರ್ಥಿನಿ: ನಾನು ಓದಿದ್ದೂ ಇಂಥದೇ ವಿಶ್ವವಿದ್ಯಾಲಯದಲ್ಲಿ. ಮೊದಲಿಗೆ ಎಲ್ಲರೂ ಸೂಚಿಸುವುದು ಜಂಟಿ ಸಾಂಸ್ಕೃತಿಕ ಉತ್ಸವವನ್ನು. ನನಗೆ ಅದರಲ್ಲಿ ಅಷ್ಟು ನಂಬಿಕೆಯಿಲ್ಲ. ಪ್ರತಿ ಕಾಲೇಜಿನವರೂ ತಮ್ಮ ತಂಡಕ್ಕೆ ಚಪ್ಪಾಳೆ ತಟ್ಟಿ, ತಮ್ಮವರೊಡನೆ ಊಟ ಮಾಡಿ, ತಮ್ಮ ಬಸ್ಸು ಹಿಡಿಯುತ್ತಾರೆ. ನಮ್ಮನ್ನು ಕೂಡಿಸಿದ್ದು ತಡವಾದ ಫಲಿತಾಂಶ. ಪರೀಕ್ಷಾ ವಿಭಾಗ ಎಲ್ಲ ಕ್ಯಾಂಪಸ್ಸುಗಳಿಗೂ ಒಂದೇ ಆಗಿದ್ದರಿಂದ, ತರಗತಿ ಪ್ರತಿನಿಧಿಗಳು ಒಟ್ಟಾಗಿ ಯಾರ ಅಂಕ ಬಂದಿಲ್ಲ, ಯಾರ ಹೆಸರು ತಪ್ಪಾಗಿದೆ ಎಂಬುದನ್ನು ಒಂದೇ ಪಟ್ಟಿಯಲ್ಲಿ ಬರೆದು ಮೌಲ್ಯಮಾಪನ ಕುಲಸಚಿವರಿಗೆ ಒಂದೇ ಮನವಿ ಸಲ್ಲಿಸಿದೆವು. ಕರ್ನಾಟಕದಲ್ಲಿ ವಿದ್ಯಾರ್ಥಿ ಸಂಘಗಳ ಚುನಾವಣೆ ನಿಂತು ಮೂರು ದಶಕಗಳೇ ಕಳೆದಿರುವುದರಿಂದ, ಇಂಥ ಪ್ರತಿನಿಧಿಗಳ ಕೂಟವೇ ನಮಗೆ ಉಳಿದಿರುವ ದಾರಿ. ಸಭೆಗಳನ್ನು ಸರದಿಯ ಮೇಲೆ ಎಲ್ಲ ಕ್ಯಾಂಪಸ್ಸುಗಳಲ್ಲೂ ನಡೆಸಿರಿ. ದೊಡ್ಡ ಕಾಲೇಜಿನಲ್ಲೇ ಸೇರುತ್ತಿದ್ದರೆ ಚಿಕ್ಕ ಕಾಲೇಜಿನವರು ಬರುವುದನ್ನು ನಿಲ್ಲಿಸುತ್ತಾರೆ. ಮಧ್ಯಾಹ್ನ ಪ್ರಯೋಗಾಲಯವಿರುವ ವಿಜ್ಞಾನದವರಿಗೂ ದೂರದ ಊರುಗಳಿಂದ ಬಂದುಹೋಗುವವರಿಗೂ ಹೊಂದುವ ಸಮಯವನ್ನು ಮೊದಲೇ ಕೇಳಿ ಗೊತ್ತುಪಡಿಸಿರಿ.

ನಿವೃತ್ತ ಪ್ರಾಧ್ಯಾಪಕರು: ಕಾಲೇಜಿನ ಹೆಸರನ್ನು ಮರೆಯಿರಿ ಎಂದು ಯಾರಿಗೂ ಹೇಳಬೇಡಮ್ಮ. ಸೆಂಟ್ರಲ್ ಕಾಲೇಜು 1964ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಭಾಗವಾಯಿತು. ಆದರೂ ಅಲ್ಲಿ ಓದಿದ ನನ್ನ ಗೆಳೆಯರು ಇಂದಿಗೂ ತಾವು ಸೆಂಟ್ರಲ್ ಕಾಲೇಜಿನವರೆಂದೇ ಹೇಳಿಕೊಳ್ಳುತ್ತಾರೆ. ಅದರಿಂದ ವಿಶ್ವವಿದ್ಯಾಲಯಕ್ಕೇನೂ ನಷ್ಟವಾಗಲಿಲ್ಲ.

ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) ಕಾರ್ಯಕ್ರಮಾಧಿಕಾರಿ: ಹಳೆಯ ವಿದ್ಯಾರ್ಥಿನಿ ಉತ್ಸವವನ್ನು ತಳ್ಳಿಹಾಕಿದ್ದು ಸರಿ. ಅದಕ್ಕೆ ಬದಲಾಗಿ ಎನ್‌ಎಸ್‌ಎಸ್‌ನ 7 ದಿನಗಳ ವಿಶೇಷ ಶಿಬಿರವನ್ನು ಎರಡು ಕಾಲೇಜುಗಳ ಘಟಕಗಳು ಒಂದೇ ಹಳ್ಳಿಯಲ್ಲಿ ನಡೆಸಬಹುದು. ಅಡುಗೆ, ಶ್ರಮದಾನ, ಸಮೀಕ್ಷೆಯ ತಂಡಗಳಲ್ಲಿ ಎರಡೂ ಕಡೆಯವರನ್ನು ಬೆರೆಸಲೇಬೇಕು. ಇಲ್ಲದಿದ್ದರೆ ಒಂದೇ ಹಳ್ಳಿಯಲ್ಲಿ ಎರಡು ಶಿಬಿರಗಳಾಗುತ್ತವೆ. ಈ ವಿಷಯವನ್ನು ವರ್ಷದ ಕ್ರಿಯಾ ಯೋಜನೆ ಸಿದ್ಧವಾಗುವ ಮೊದಲೇ ನಿಮ್ಮ ಅಧಿಕಾರಿಗಳ ಮುಂದಿಡಿ. ಘಟಕವಾರು ಹಣ ಹಂಚಿಕೆಯಾದ ಮೇಲೆ ಲೆಕ್ಕಪತ್ರದ ತೊಡಕಿಗೆ ಅಂಜಿ ಯಾರೂ ಒಪ್ಪುವುದಿಲ್ಲ.